ಗುರುತು ಒರೆಸಿದ ಗಾಜು

“ಅಲ್ಲಾಡಿದ್ರೆ ಸತ್ತೋಗ್ತೀರ!”

ಹುಡುಗಿಯ ದನಿ. ನಾನು ಅಲ್ಲಾಡಲಿಲ್ಲ.

ನನ್ನ ತಲೆಯ ಮೇಲೆ ಗಾಜು ಬಾಗಿ ನಿಂತಿತ್ತು. ಒಂದು ಹಾಳೆಯಲ್ಲ... ಇಡೀ ಒಂದು ಸಾಲು! ಆಳಿಗಿಂತ ಎತ್ತರದ ದಪ್ಪ ಗಾಜುಗಳು. ಪ್ರತಿಯೊಂದರ ಮೇಲೂ ಸುಣ್ಣದಲ್ಲಿ ಬರೆದ ದೊಡ್ಡ ಇಂಟು ಮಾರ್ಕು. ಅಷ್ಟನ್ನೂ ತಡೆದು ಹಿಡಿದದ್ದು ಒಂದೇ ಒಂದು ಮರದ ಆಸರೆ. ಆ ಆಸರೆಯ ಬುಡದಲ್ಲಿ ಹುಡುಗಿಯ ಕಾಲು.

ಒಂದು ಒದೆ ಸಾಕಿತ್ತು. ನನ್ನನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಹೋಗಬೇಕಾಗುತ್ತಿತ್ತು.

“ಕಾಲು ತೆಗಿಯಮ್ಮ,” ಎಂದೆ.

“ಯಾರು ಕಳಿಸಿದ್ದು? ನಿಜ ಹೇಳಿ!”

“ಸಕ್ಕರೆ.”

ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ಗಾಜಿನ ಕೆಳಗೆ ನಿಂತಾಗ ನನಗೆ ಸುಳ್ಳು ಹೊಳೆಯಲಿಲ್ಲ.

ಅವಳು ತಟ್ಟನೆ ಕಾಲು ತೆಗೆದಳು. ಮುಖ ಅರಳಿತು.

“ಅಯ್ಯೋ, ಮೊದಲೇ ಹೇಳ್ಬಾರ್ದಾ ಸಾರ್? ನಮ್ಮತ್ತೆ ಕಳಿಸಿದ ಜನ ಅಂದ್ಕೊಂಡೆ! ಎಲ್ಲಿ ಕಾಗದ? ಕೊಡಿ, ಸಹಿ ಹಾಕ್ತೀನಿ!”

ತಲೆಬುಡ ಅರ್ಥವಾಗಲಿಲ್ಲ ಅಲ್ಲವೇ ತಮ್ಮ? ನನಗೂ ಆಗಲಿಲ್ಲ. ನೀನು ತಂದಿರುವ ಕಾಗದವನ್ನು ಆ ಮೇಜಿನ ಮೇಲಿಡು. ಸಾಕ್ಷಿಯ ಸಹಿ ತಾನೆ? ನೋಡೋಣ... ಮೊದಲು ಇದನ್ನು ಪೂರ್ತಿ ಕೇಳು. ಪೆನ್ನಿನ ಕ್ಯಾಪು ಮುಚ್ಚು. ಕತೆ ಸ್ವಲ್ಪ ಉದ್ದವಿದೆ, ಇಂಕು ಒಣಗುತ್ತದೆ.

ನಾನು ಹಿಂದೆ ಕೋರ್ಟಿನಲ್ಲಿ ಅಮೀನನಾಗಿದ್ದೆ. ಸಮನ್ಸ್ ಜಾರಿ ಮಾಡುವುದು, ಜಪ್ತಿಗೆ ಹೋಗುವುದು, ಬೀಗ ಒಡೆಸುವುದು... ಹೋದಲ್ಲೆಲ್ಲ ಬೈಸಿಕೊಳ್ಳುವುದು. ಅಷ್ಟೊಂದು ಬೈಗುಳಕ್ಕೆ ಆ ಸಂಬಳ ಸಾಲದು ಎನ್ನಿಸಿ ಬಿಟ್ಟೆ. ಈಗ ಸ್ವಂತ ಕಸುಬು. ಓಡಿಹೋದವರನ್ನು ಹುಡುಕುತ್ತೇನೆ. ಮಾತು ಕೇಳದವರಿಗೆ ಮಾತು ಕೇಳಿಸುತ್ತೇನೆ. ಕೆಲಸ ಬಿಟ್ಟರೂ ಹೆಸರು ನನ್ನನ್ನು ಬಿಡಲಿಲ್ಲ. ಎಲ್ಲರ ಬಾಯಲ್ಲೂ ಈಗಲೂ ನಾನು ಅಮೀನನೇ.

ಆ ದಿನ ಬೆಳಿಗ್ಗೆ ಸಕ್ಕರೆ ಕರೆಸಿದ್ದ. ದೊಡ್ಡ ಬಿಲ್ಡಿಂಗಿನ ಯಜಮಾನ. ಬೀದಿಗೆ ಮುಖಮಾಡಿ ಸಾಲು ಅಂಗಡಿ, ಹಿಂದೆ ಗೋಡೌನು. ಅವನ ಬಾಯಿಂದ ಒಂದು ಗಡಸು ಮಾತು ಬಂದದ್ದನ್ನು ಕೇಳಿದವರಿಲ್ಲ. ಅದಕ್ಕೇ ಆ ಹೆಸರು ಬಿದ್ದದ್ದು.

“ಅಮೀನರೇ, ನಮ್ಮ ಗಾಜಿನಂಗಡಿ ಹುಡುಗಿ ಇದೆಯಲ್ಲ, ಪಾಪ, ಮನೆ ಬಿಟ್ಟು ಹೋಗಿಬಿಟ್ಟಿದೆ. ನನಗೆ ಊಟ ಸೇರ್ತಾ ಇಲ್ಲ. ಹುಡುಕಿ ಕರ್ಕೊಂಡ್ಬನ್ನಿ. ಒಂದು ಸಹಿ ಆಗ್ಬೇಕು, ಅಷ್ಟೆ.”

ಒಂದು ಸಹಿ. ಎಷ್ಟು ಸಣ್ಣ ಕೆಲಸ! ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹುಡುಕುವುದೇನೂ ಕಷ್ಟವಾಗಲಿಲ್ಲ. ಗಾಜು ಕೊಯ್ದು ಪಳಗಿದ ಕೈ ಬೇರೆ ಕೆಲಸಕ್ಕೆ ಹೋಗುವುದಿಲ್ಲ. ಗಾಜಿನ ವರ್ಕ್‌ಶಾಪುಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಊರಾಚೆಯ ತಗಡಿನ ಶೆಡ್ಡಿನಲ್ಲಿ ಸಿಕ್ಕಳು. ಸಿಕ್ಕ ಕೂಡಲೇ ನನ್ನನ್ನು ಗಾಜಿನ ಕೆಳಗೆ ನಿಲ್ಲಿಸಿದಳು.

ತೆಳ್ಳನೆಯ ಹುಡುಗಿ, ಸೊಂಟಕ್ಕೆ ಕೆಲಸದ ಏಪ್ರನ್. ಬೆರಳುಗಳಿಗೆಲ್ಲ ಅಂಟುಪಟ್ಟಿ. ಕಿವಿಯ ಹಿಂದೆ ಪೆನ್ಸಿಲ್ಲಿನ ಹಾಗೆ ಸಿಕ್ಕಿಸಿದ ಕಟ್ಟರು. ಅದರ ತುದಿಯಲ್ಲಿ ಗಾಜು ಕೊಯ್ಯುವ ವಜ್ರದ ಚೂರು. ಬೀದಿಯ ಜನ ಅವಳನ್ನೂ ವಜ್ರ ಎಂದೇ ಕರೆಯುತ್ತಿದ್ದರು.

“ಸಹಿಗೆ ಏನಮ್ಮ ಅಷ್ಟು ಅವಸರ?” ಎಂದೆ.

“ಅತ್ತೆಗೆ ಗೊತ್ತಾಗೋ ಮೊದಲೇ ಹಾಕ್ಬೇಕು. ಸಹಿ ಹಾಕ್ಬೇಡ ಅಂತ ನನ್ನನ್ನ ರೂಮಲ್ಲಿ ಕೂಡಿ ಬೀಗ ಹಾಕಿದ್ಲು. ಕಿಟಕಿ ಗಾಜು ಕೊಯ್ದು ಆಚೆ ಬಂದೆ. ಅಂಗಡಿ ಹತ್ರ ಅತ್ತೆ ಕಾಯ್ತಿರ್ತಾಳೆ ಅಂತ ಇಲ್ಲಿ ಅಡಗಿದ್ದೀನಿ.”

ಸಹಿಗೆ ಹೆದರಿ ಓಡಿದವರನ್ನು ಸಾಕಷ್ಟು ನೋಡಿದ್ದೇನೆ. ಸಹಿ ಹಾಕಲೆಂದು ಓಡಿ ಬಂದವಳನ್ನು ನೋಡಿದ್ದು ಅದೇ ಮೊದಲು.

“ಯಾವ ಸಹಿ? ಮೊದಲಿಂದ ಹೇಳು.”

ಹೇಳಿದಳು. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಪ್ಪನ ಅಕ್ಕ ಸಾಕಿದ್ದು. ಅಪ್ಪನ ಗಾಜಿನ ಕಸುಬನ್ನು ಅತ್ತೆಯೇ ಮುಂದುವರಿಸಿದ್ದು. ಸಕ್ಕರೆಯ ಬಿಲ್ಡಿಂಗಿನಲ್ಲಿ ಅಂಗಡಿ ಬಾಡಿಗೆಗೆ ಕೇಳಿದಾಗ ಅಗ್ರಿಮೆಂಟಿಗೆ ಇಬ್ಬರೂ ಸಹಿ ಹಾಕಿದ್ದರು. ಅತ್ತೆ... ಮತ್ತು ಇವಳು.

“ನಿನಗಾಗ ಎಷ್ಟು ವಯಸ್ಸು?”

“ಹದಿನಾರು.”

“ಮಕ್ಕಳ ಸಹಿ ಯಾಕೆ ತಗೊಂಡ್ರು?”

“ಮನೆ ನನ್ನ ಹೆಸರಲ್ಲಿದೆ ಸಾರ್. ಅಮ್ಮ ಬಿಟ್ಟು ಹೋಗಿದ್ದು. ಅತ್ತೆ ಹೆಸರಲ್ಲಿ ಏನೂ ಇಲ್ಲ. ಮನೆ ಇರೋರು ಸಹಿ ಹಾಕಿದ್ರೇನೇ ಅಂಗಡಿ ಕೊಡೋದು ಅಂದ್ರು. ನಾನು ಖುಷಿಯಿಂದ ಹಾಕ್ದೆ. ದೊಡ್ಡೋಳಾದೆ ಅನ್ನಿಸ್ತು.”

“ಆಮೇಲೆ?”

ಅವಳು ತಲೆ ತಗ್ಗಿಸಿದಳು. ಬೆರಳಿನ ಪಟ್ಟಿಯನ್ನು ಕೀಳತೊಡಗಿದಳು.

“ಆಮೇಲೆ... ಅಟ್ಟ ಬಿತ್ತು.”

ಅಂಗಡಿಯೊಳಗೆ ಮರದ ಅಟ್ಟವಿತ್ತು. ಗಾಜು ಜೋಡಿಸಿಡಲು. ಒಂದು ಮಧ್ಯಾಹ್ನ ಅದು ಕುಸಿಯಿತು. ಕೆಳಗೆ ಲೋಡರ್ ನಿಂತಿದ್ದ. ಗಾಜು ಹೊರುವ ಆಳು. ಇವಳ ಅಪ್ಪನ ಕಾಲದಿಂದಲೂ ಜೊತೆಗಿದ್ದವನು. ಗಾಜನ್ನು ಹೇಗೆ ಹಿಡಿಯಬೇಕೆಂದು ಇವಳಿಗೆ ಹೇಳಿಕೊಟ್ಟವನು. ಅವನನ್ನು ಇವಳು ಮಾವ ಎನ್ನುತ್ತಿದ್ದಳು.

“ಗಾಜು ತೆಗಿಯೋಷ್ಟರಲ್ಲಿ...” ಎಂದಳು. ಪಟ್ಟಿಯನ್ನು ಕಿತ್ತು ಬಿಸಾಕಿ ಮುಂದುವರಿದಳು.

“ಅವತ್ತು ಬೆಳಿಗ್ಗೆ ಅಟ್ಟದ ಮೇಲೆ ಗಾಜು ಜೋಡಿಸಿದ್ದು ನಾನು ಸಾರ್. ಭಾರ ಜಾಸ್ತಿ ಆಗಿರ್ಬೇಕು. ಮಾವನ್ನ ಕೊಂದಿದ್ದು ನಾನೇ. ಈಗ ಅತ್ತೆ ಮೇಲೆ ಕೇಸು. ಅಂಗಡಿಯೊಳಗೆ ಯಾರಿಗೆ ಏನಾದ್ರೂ ಬಾಡಿಗೆಯವರದ್ದೇ ಹೊಣೆ ಅಂತ ಅಗ್ರಿಮೆಂಟಲ್ಲಿ ಇದೆಯಂತೆ. ನೀನು ಹೊಸದಾಗಿ ಸಹಿ ಹಾಕಿಬಿಡು ಕಂದ, ನಿಮ್ಮತ್ತೇನ ಬಿಟ್ಬಿಡ್ತೀನಿ ಅಂತ ಬಿಲ್ಡಿಂಗ್ ಯಜಮಾನ್ರು ಹೇಳಿದ್ದಾರೆ. ಹಾಕ್ತೀನಿ. ನಾನು ಮಾಡಿದ್ದು, ನಾನೇ ಹೊರ್ತೀನಿ.”

“ಹದಿನೆಂಟು ಯಾವಾಗ ತುಂಬ್ತು?”

“ಈಗ ತಾನೇ. ಹೋದ ವಾರ.”

ನನ್ನೊಳಗಿನ ಹಳೆಯ ಅಮೀನ ಎದ್ದು ಕೂತ. ಥೂ, ಸಕ್ಕರೆ! ಹುಡುಗಿಯ ವಯಸ್ಸು ತುಂಬುವುದನ್ನೇ ಕಾಯುತ್ತ ಕೂತಿದ್ದನಲ್ಲ!

“ಕೇಳು ವಜ್ರ. ಹದಿನಾರರಲ್ಲಿ ನೀನು ಹಾಕಿದ ಸಹಿ ಸಹಿನೇ ಅಲ್ಲ. ಮಗು ಗೋಡೆ ಮೇಲೆ ಗೀಚಿದ್ದಕ್ಕೂ ಅದಕ್ಕೂ ಕೋರ್ಟಿಗೆ ವ್ಯತ್ಯಾಸ ಇಲ್ಲ. ಆ ಕಾಗದ ಹಿಡ್ಕೊಂಡು ನಿನ್ನ ಮನೇನ ಯಾರೂ ಮುಟ್ಟೋಕಾಗಲ್ಲ.”

“ಮತ್ತೆ ಅತ್ತೆ?”

ಅದೇ ಬೇಡವಾಗಿದ್ದ ಪ್ರಶ್ನೆ.

“ಅತ್ತೇದು ದೊಡ್ಡವರ ಸಹಿ. ನೀನು ಆಚೆ ಬಂದ್ರೂ ಅವರು ಆಚೆ ಬರೋಕಾಗಲ್ಲ. ಪೂರ್ತಿ ಹೊರೆ ಅವರ ಒಬ್ಬರ ತಲೆಗೇ ಬರುತ್ತೆ.”

“ನೋಡಿ! ಅದಕ್ಕೇ ನಾನು ಹಾಕ್ತೀನಿ ಅಂದಿದ್ದು!”

“ಅಯ್ಯೋ ಹುಚ್ಚೀ! ನೀನು ಹಾಕಿದ್ರೆ ಅವರನ್ನ ಬಿಡ್ತಾನೆ ಅಂದ್ಕೊಂಡ್ಯಾ? ಇಬ್ಬರೂ ಮುಳುಗ್ತೀರ! ಹಳೇದಕ್ಕೆಲ್ಲ ನಾನೇ ಹೊಣೆ ಅಂತ ಹದಿನೆಂಟು ತುಂಬಿದ ಕೈಯಿಂದ ಬರೆಸ್ಕೋತಾನೆ. ಮನೆ ಅವನ ಪಾಲು. ಸತ್ತವನ ಪಾಪ ನಿನ್ನ ಪಾಲು. ಅವನಿಗೆ ಬೇಕಾಗಿರೋದು ನಿಮ್ಮತ್ತೆ ಅಲ್ಲ. ಅವರ ಹತ್ರ ಕಿತ್ಕೊಳ್ಳೋಕೆ ಏನಿದೆ?”



“ಚೆನ್ನಾಗಿ ಪಾಠ ಹೇಳ್ತೀಯ ಅಮೀನ!”

ಹಿಂದಿನಿಂದ ಬಂದ ಗಂಡು ದನಿ.

ತಿರುಗಿದೆ. ಶೆಡ್ಡಿನ ಬಾಗಿಲಲ್ಲಿ ಎಡಚ! ಸಕ್ಕರೆಯ ಬಲಗೈ ಬಂಟ. ಆದರೆ ಎಲ್ಲ ಕೆಲಸವೂ ಎಡಗೈಯಲ್ಲೇ. ಆ ಕೈಯಲ್ಲೀಗ ಕಬ್ಬಿಣದ ಸಲಾಕೆ. ಸಕ್ಕರೆಗೆ ಯಾರ ಮೇಲೂ ನಂಬಿಕೆಯಿಲ್ಲ. ನನ್ನ ಬೆನ್ನಿಗೇ ಅವನನ್ನೂ ಕಳಿಸಿದ್ದ.

“ಹುಡುಗೀನ ಬಿಟ್ಟು ಪಕ್ಕಕ್ಕೆ ಸರಿ.”

“ಸರಿಯದಿದ್ರೆ?”

ಸಲಾಕೆ ಬೀಸಿದ! ತಲೆ ತಗ್ಗಿಸಿದೆ. ಹಿಂದಿದ್ದ ಗಾಜು ಸಿಡಿದು ನೆಲವೆಲ್ಲ ಚೂರು.

“ಸಾರ್, ಈ ಕಡೆ!”

ವಜ್ರ ನನ್ನ ತೋಳು ಹಿಡಿದು ಎಳೆದಳು. ಹಿಂಬಾಗಿಲು... ಹಿತ್ತಲು... ಅಲ್ಲಿ ಕಾಲಿಡುತ್ತಿದ್ದ ಹಾಗೆ ಗಕ್ಕನೆ ನಿಂತೆ.

ಹಿತ್ತಲ ತುಂಬ ಎಡಚ!

ಮುಚ್ಚಿಹೋದ ಬಟ್ಟೆ ಅಂಗಡಿಯೊಂದರ ಹಳೆಯ ಕನ್ನಡಿಗಳು. ನಿಲುವುಗನ್ನಡಿಗಳನ್ನೆಲ್ಲ ತಂದು ಅಲ್ಲಿ ಸುತ್ತಲೂ ಒರಗಿಸಿದ್ದರು. ಎಡಚ ನಮ್ಮ ಹಿಂದೆಯೇ ಬಂದು ಅವುಗಳ ನಡುವೆ ನುಗ್ಗಿದ್ದ. ಎಲ್ಲಿ ತಿರುಗಿದರೂ ಅವನದೇ ಮುಖ, ಅವನದೇ ಸಲಾಕೆ. ಯಾವುದು ಮನುಷ್ಯ, ಯಾವುದು ಕನ್ನಡಿ?

ವಜ್ರ ಕಿವಿಯಲ್ಲಿ ಪಿಸುಗುಟ್ಟಿದಳು.

“ಬಲಗೈಲಿ ಸಲಾಕೆ ಇದ್ರೆ ಕನ್ನಡಿ. ಎಡಗೈಲಿ ಇದ್ರೆ ಅವನೇ!”

ನೋಡಿದೆ. ಬಲಗೈ... ಬಲಗೈ... ಬಲಗೈ...

ಎಡಗೈ!

ಭುಜ ಕೊಟ್ಟು ನುಗ್ಗಿದೆ. ಅವನ ಹೊಟ್ಟೆಗೆ ಸರಿಯಾಗಿ ಬಿತ್ತು. ಎಡಚ ಒಂದು ಕನ್ನಡಿಯ ಮೇಲೆ ಬಿದ್ದ. ಅದು ಇನ್ನೊಂದರ ಮೇಲೆ ಬಿತ್ತು. ಆ ಸದ್ದಿನಲ್ಲೇ ನಾವು ಬೇಲಿ ಹಾರಿ ನನ್ನ ವ್ಯಾನಿಗೆ ಹತ್ತಿದೆವು. ವ್ಯಾನು ಯಾವತ್ತೂ ಒಂದೇ ಸಲಕ್ಕೆ ಸ್ಟಾರ್ಟ್ ಆದದ್ದಿಲ್ಲ. ಅವತ್ತು ಅದಕ್ಕೂ ಪ್ರಾಣಭಯ, ಹೊತ್ತಿಕೊಂಡಿತು.

ಮುಖ್ಯರಸ್ತೆ ಹಿಡಿಯುವಷ್ಟರಲ್ಲಿ ವ್ಯಾನಿನ ಕನ್ನಡಿಯಲ್ಲಿ ಅವನ ಬೈಕು ಕಾಣಿಸಿತು.

“ಎಲ್ಲಿಗೆ ಸಾರ್?”

“ನಿಮ್ಮತ್ತೆ ಹತ್ರ. ಇಬ್ಬರನ್ನೂ ಒಬ್ಬ ಒಳ್ಳೆ ವಕೀಲರ ಮುಂದೆ ಕೂರಿಸ್ತೀನಿ.”

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸಕ್ಕರೆ.

“ಅಮೀನರೇ, ಹುಡುಗಿ ಸಿಕ್ತಂತೆ, ಬಹಳ ಸಂತೋಷ! ಅವಳತ್ತೆ ಇಲ್ಲೇ ಅಂಗಡೀಲಿ ಕೂತಿದ್ದಾರೆ. ಪಾಪ, ಒಂದು ಕೈಗೆ ಪೆಟ್ಟಾಗಿಬಿಟ್ಟಿದೆ. ಇನ್ನೊಂದು ಕೈಗೂ ಆಗೋದು ಬೇಡ ಅಲ್ವಾ? ಬೇಗ ಬನ್ನಿ. ಟೀ ತರಿಸಿದ್ದೀನಿ, ಆರಿ ಹೋಗುತ್ತೆ.”

ಫೋನು ಲೌಡಾಗಿತ್ತು. ವಜ್ರಳಿಗೆ ಎಲ್ಲ ಕೇಳಿಸಿತು. ಅವಳು ಅಳಲಿಲ್ಲ. ಕಿವಿಯ ಹಿಂದಿನ ಕಟ್ಟರನ್ನು ತೆಗೆದು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಅಂಗಡಿಗೆ ಬಿಡಿ,” ಎಂದಳು.

“ಹೋದ್ರೆ ಸಹಿ ಹಾಕಿಸ್ಕೋತಾನೆ.”

“ಗೊತ್ತು. ಬಿಡಿ.”

ಪೊಲೀಸರಿಗೆ ಫೋನು ಮಾಡಿದೆ. ಬರುತ್ತೇವೆ ಎಂದರು. ಅವರ ‘ಬರುತ್ತೇವೆ’ ಎಷ್ಟು ಉದ್ದವೆಂದು ನನಗೆ ಚೆನ್ನಾಗಿ ಗೊತ್ತು. ಅಲ್ಲಿಯವರೆಗೆ ಆ ಹೆಂಗಸಿನ ಕೈ ಕಾಯಬೇಕಲ್ಲ? ವ್ಯಾನು ತಿರುಗಿಸಿದೆ.

ನಡು ಮಧ್ಯಾಹ್ನ. ಬಿಸಿಲಿಗೆ ಬೀದಿ ಖಾಲಿ. ಗಾಜಿನಂಗಡಿಯ ಷಟರ್ ಮೇಲಿತ್ತು. ಅಷ್ಟಗಲದ ಬಾಗಿಲಿಗೆ ಅರ್ಧಕ್ಕೆ ಹೊಸ ಗಾಜು ನಿಲ್ಲಿಸಿದ್ದರು, ಇನ್ನರ್ಧ ಓಡಾಡಲು ಬಿಟ್ಟಿದ್ದರು. ಗಾಜಿನ ಮೇಲೆ ಸುಣ್ಣದ ದೊಡ್ಡ ಇಂಟು ಮಾರ್ಕು. ಅದರ ಮುಂದೆ ಒದ್ದೆ ಬಟ್ಟೆ ಹಿಡಿದುಕೊಂಡು ಸಾಕ್ಷಾತ್ ಸಕ್ಕರೆ! ಇಸ್ತ್ರಿ ಮಾಡಿದ ಬಿಳಿ ಅಂಗಿ. ಗಾಜು ಒರೆಸುತ್ತಿದ್ದ.

“ಬಾ ಕಂದಾ, ಬಾ. ನೋಡು, ನಾಳೆ ಹೊಸ ಬಾಡಿಗೆಯವರು ಅಂಗಡಿ ನೋಡೋಕೆ ಬರ್ತಾರೆ. ಯಾರು ಗೀಚಿದ್ರೋ ಏನೋ, ಅಸಹ್ಯ.”

ವಜ್ರ ನಿಂತುಬಿಟ್ಟಳು. ಅಂಥ ಹೊತ್ತಿನಲ್ಲೂ ಕಸುಬು ಮಾತಾಡಿತು.

“ಆ ಗುರುತು ಒರೆಸ್ಬೇಡಿ. ಓಡಾಡೋ ಜಾಗ. ಹೊಸ ಗಾಜು ಕಣ್ಣಿಗೆ ಬೀಳಲ್ಲ. ಜನಕ್ಕೆ ಅಭ್ಯಾಸ ಆಗೋವರೆಗೂ ನಾವು ಗುರುತು ತೆಗಿಯಲ್ಲ.”

“ನಿಮ್ಮ ಕಸುಬಿನ ಮಡಿ ಮೈಲಿಗೆ ನನಗೆ ಯಾಕಮ್ಮ?” ನಗುತ್ತ ಕೊನೆಯ ಗೆರೆಯನ್ನೂ ಒರೆಸಿದ. “ಆಹಾ! ಈಗ ನೋಡು, ಗಾಜು ಇದೆ ಅಂತಾನೇ ಗೊತ್ತಾಗಲ್ಲ!”

ಒಳಗೆ ಹೋದೆವು. ಹಿಂದೆಯೇ ಬೈಕಿನ ಸದ್ದು. ಎಡಚ ಬಂದು ನನ್ನ ಬೆನ್ನ ಹಿಂದೆ ನಿಂತ. ಹಣೆಯಲ್ಲಿ ರಕ್ತ, ಕೈಯಲ್ಲಿ ಅದೇ ಸಲಾಕೆ.

ಅಟ್ಟದ ಅವಶೇಷವನ್ನೆಲ್ಲ ತೆಗೆದು ಗುಡಿಸಿದ್ದರು. ಮೂಲೆಯ ಸ್ಟೂಲಿನ ಮೇಲೆ ಅತ್ತೆ. ಎಡ ಮಣಿಕಟ್ಟಿಗೆ ಸೆರಗು ಸುತ್ತಿಕೊಂಡಿದ್ದರು. ಮುಖ ನೋವಿಗೆ ಕಪ್ಪಿಟ್ಟಿತ್ತು. ಆದರೂ ಹುಡುಗಿಯನ್ನು ಕಂಡಾಗ ಬಂದದ್ದು ಸಿಟ್ಟು.

“ಯಾಕೆ ಬಂದ್ಯೇ? ಇದಕ್ಕೇನಾ ನಿನ್ನನ್ನ ಕೂಡಿ ಹಾಕಿದ್ದು? ಹೋಗು ಆಚೆ!”

“ಅತ್ತೆ, ಕೈ...”

“ಕೈ ಹಾಳಾಗ್ಲಿ! ಸಹಿ ಹಾಕಿದ್ದು ನಾನು, ಅನುಭವಿಸೋದು ನಾನು. ಅವತ್ತು ನಿನ್ನ ಕೈಗೆ ಪೆನ್ನು ಕೊಟ್ಟಿದ್ದೇ ನಾನು ಮಾಡಿದ ತಪ್ಪು. ಇನ್ನೊಂದ್ಸಲ ಮುಟ್ಟಿದ್ರೆ ನೋಡು!”

ಸಕ್ಕರೆ ಕುರ್ಚಿ ಎಳೆದು ಕೂತ. ಮೇಜಿನ ಮೇಲೆ ಕಾಗದ, ಪೆನ್ನು, ಟೀ. ಎಲ್ಲ ಅಚ್ಚುಕಟ್ಟು.

“ದೊಡ್ಡವರು ಹಾಗೇ ಕಂದಾ, ಪ್ರೀತಿಗೆ ಬೈತಾರೆ. ನೀನು ಸಹಿ ಹಾಕು. ಅತ್ತೇನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಹಾಕ್ಲಿಲ್ಲ ಅಂದ್ರೆ...” ಎಡಚನ ಕಡೆಗೆ ನೋಡಿದ. “...ನನಗೆ ಅಂಥದ್ದೆಲ್ಲ ನೋಡೋಕಾಗಲ್ಲ. ಆಚೆ ಹೋಗಿ ನಿಂತ್ಕೋತೀನಿ.”

ವಜ್ರ ಪೆನ್ನು ತೆಗೆದುಕೊಂಡಳು.

“ಬೇಡ!” ಎಂದೆ. ಸಲಾಕೆಯ ತುದಿ ನನ್ನ ಕತ್ತಿಗೆ ಬಂತು.

“ನಾನೇ ಸಾರ್ ಮಾವನ್ನ ಕೊಂದಿದ್ದು.” ಅವಳು ನನ್ನ ಕಡೆ ತಿರುಗಿದಳು. “ನಾನೇ ಗಾಜು ಜೋಡಿಸಿದ್ದು. ಅತ್ತೆ ಯಾಕೆ ಹೊರ್ಬೇಕು? ಮಾವನ ಹೆಂಡ್ತಿ ಮುಖ ನೋಡಿದ್ದೀರಾ ನೀವು? ನಾನು ನೋಡಿದ್ದೀನಿ!”

ಪೆನ್ನಿನ ಕ್ಯಾಪು ತೆಗೆದಳು.

ತಮ್ಮ, ಅಮೀನನಿಗೆ ಒಂದು ಚಟವಿರುತ್ತದೆ. ಜಪ್ತಿಗೆ ಹೋದಲ್ಲಿ ಅವನು ಮೊದಲು ನೋಡುವುದು ಮನುಷ್ಯರನ್ನಲ್ಲ, ನೆಲವನ್ನು. ಬೀರು ಇದ್ದ ಜಾಗ, ಮಂಚ ಎಳೆದ ಗೆರೆ... ನಾವು ಬರುವ ಮೊದಲು ಏನು ಸಾಗಿಸಿದ್ದಾರೆಂದು ನೆಲವೇ ಹೇಳುತ್ತದೆ. ಕತ್ತಿಗೆ ಸಲಾಕೆ ತಾಗಿದಾಗಲೂ ನನ್ನ ಕಣ್ಣು ನೆಲದ ಮೇಲೇ ಇತ್ತು.

ಅಟ್ಟ ಬಿದ್ದಾಗ ಪಕ್ಕದ ಗೋಡೌನಿನ ಪ್ಲೈವುಡ್ ಗೋಡೆಯೂ ಬಿದ್ದಿತ್ತು. ಅಲ್ಲಿಯವರೆಗೂ ಆ ಗೋಡೆಯ ಹಿಂದೆ ಏನಿದೆಯೆಂದು ಅಂಗಡಿಯವರಿಗೆ ಕಂಡೇ ಇರಲಿಲ್ಲ. ಬಿದ್ದ ಮೇಲೆ ಅವಶೇಷ ಮುಚ್ಚಿತ್ತು. ಬೆಳಿಗ್ಗೆ ಹೊಸ ಬಾಡಿಗೆಯವರಿಗಾಗಿ ಗುಡಿಸಿದ್ದು ಸಕ್ಕರೆಯೇ. ಆ ಗೋಡೆ ಇದ್ದ ಗೆರೆಯ ಆಚೆ, ಗೋಡೌನಿನ ನೆಲದಲ್ಲಿ, ಎದುರು ಗೋಡೆಯಲ್ಲಿ ಅಟ್ಟದ ತೊಲೆ ಕೂತಿದ್ದ ತೂತಿಗೆ ನೇರವಾಗಿ, ಒಂದು ಚೌಕ. ಸುತ್ತ ಹಳೆಯ ಕೊಳಕು ಸಿಮೆಂಟು. ಚೌಕದೊಳಗೆ ಮಾತ್ರ ಬೆಳ್ಳಗೆ. ಚೌಕದ ನಾಲ್ಕು ಮೂಲೆಗೂ ನೆಲಮಟ್ಟಕ್ಕೆ ಸುಟ್ಟು ಕತ್ತರಿಸಿದ ಬೋಲ್ಟುಗಳು.

“ವಜ್ರ,” ಎಂದೆ. “ಆ ಗಾಜಿನ ಭಾರ ಅಟ್ಟ ಹಿಂದೆ ಯಾವತ್ತೂ ಹೊತ್ತಿರಲಿಲ್ವಾ?”

“ಹೊತ್ತಿತ್ತು... ಅಷ್ಟೇ ಇಡ್ತಿದ್ವಿ...”

“ಹಾಗಾದ್ರೆ ಅವತ್ತು ಯಾಕೆ ಬಿತ್ತು? ಅಲ್ಲಿ ನೋಡು. ಅಟ್ಟದ ತೊಲೆ ಗೋಡೆ ದಾಟಿ ಆ ಕಡೆ ಒಂದು ಕಬ್ಬಿಣದ ಕಂಬದ ಮೇಲೆ ಕೂತಿತ್ತು. ಆ ಕಂಬ ಎಲ್ಲಿ?”

ಸಕ್ಕರೆ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

“ಗ್ಯಾಸ್ ಕಟ್ಟರಲ್ಲಿ ಕೊಯ್ದು ತೆಗೆದಿದ್ದಾರೆ. ನೀನು ಕೊಂದಿಲ್ಲ ಮಗಳೇ. ನೀನು ಗಾಜು ಇಡೋ ಮೊದಲೇ ಆ ಅಟ್ಟದ ಕಾಲು ಮುರಿದಿದ್ರು!”

ಪೆನ್ನು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಆಗ ಅತ್ತಳು, ತಮ್ಮ. ಅಲ್ಲಿಯವರೆಗೆ ತಡೆದುಕೊಂಡದ್ದೆಲ್ಲ ಒಟ್ಟಿಗೆ ಬಂತು. ಕೇಳುವುದು ಕಷ್ಟವಾಯಿತು ನನಗೆ.

“ಎಡಚಾ, ಆ ಅಮೀನನ ಬಾಯಿ ಮುಚ್ಚಿಸಪ್ಪ,” ಎಂದ ಸಕ್ಕರೆ. ದನಿಯಲ್ಲಿ ಈಗಲೂ ಸಿಹಿ!

ಸಲಾಕೆ ಮೇಲೆದ್ದಿತು. ಎಡಚನ ಮುಂಗೈ ನನ್ನ ಕಣ್ಣ ಮುಂದೆಯೇ ಇತ್ತು. ಅದರ ತುಂಬ ಕಿಡಿ ಸಿಡಿದ ಸಣ್ಣ ಸಣ್ಣ ಸುಟ್ಟ ಕಲೆಗಳು.

“ವೆಲ್ಡಿಂಗ್ ಕೆಲಸದವನು ಅಲ್ವೇನೋ ನೀನು?” ಎಂದೆ. “ಕಂಬ ಕೊಯ್ದಿದ್ದು ನೀನೇ ತಾನೆ?”

ಸಲಾಕೆ ಗಾಳಿಯಲ್ಲೇ ನಿಂತಿತು.

“ಗೋಡೌನಿಗೆ ಲಾರಿ ಬರ್ಬೇಕು, ಒಂದು ಕಂಬ ಅಡ್ಡ ಇದೆ ತೆಗಿ ಅಂದ್ರು...” ಎಡಚ ತಡವರಿಸಿದ. “ಅದರ ಮೇಲೆ ಏನೂ ಕೂತಿಲ್ಲ ಅಂದ್ರು...”

“ಅಂದ್ರಾ? ಈಗ ಕೇಳು. ಹುಡುಗಿ ಸಹಿ ಹಾಕಲ್ಲ. ಪೊಲೀಸರು ದಾರೀಲಿದ್ದಾರೆ. ಕಂಬ ಕೊಯ್ದವರು ಯಾರು ಅಂತ ಕೇಳ್ತಾರೆ. ನಿಮ್ಮ ಯಜಮಾನರು ಆಗ ಯಾರ ಕಡೆ ಬೆರಳು ತೋರಿಸ್ತಾರೆ, ಹೇಳು?”

ಎಡಚ ನಿಧಾನವಾಗಿ ತಿರುಗಿದ.

“ನಾನು ಹಾಗೆ ಹೇಳೇ ಇಲ್ವಲ್ಲಪ್ಪ,” ಎಂದ ಸಕ್ಕರೆ. “ನೀನೇ ತಿಳೀದೆ ಕೊಯ್ದುಬಿಟ್ಟೆ, ಪಾಪ...”

ಅಷ್ಟೇ. ಆ ‘ಪಾಪ’ ಸಾಕಾಯಿತು.

ಎಡಚ ಗರ್ಜಿಸಿದ. ಸಲಾಕೆ ಮೇಜಿನ ಮೇಲೆ ಬಡಿಯಿತು. ಟೀ ಲೋಟ ಚೂರಾಯಿತು. ಸಕ್ಕರೆ ಕಾಗದವನ್ನು ಬಾಚಿ ಎದೆಗವಚಿಕೊಂಡು ಎದ್ದು ಓಡಿದ. ಬೆಳಕಿನ ಕಡೆಗೆ. ಖಾಲಿ ಬೀದಿಯ ಕಡೆಗೆ.

“ಆ ಕಡೆ ಬೇಡ!” ವಜ್ರ ಕಿರುಚಿದಳು. “ಗಾಜು! ಗಾಜಿದೆ!”

ಅವನಿಗೆ ಬೀದಿ ಕಾಣುತ್ತಿತ್ತು. ಗಾಜು ಕಾಣುತ್ತಿರಲಿಲ್ಲ.

ಬಲಗೈ ಮುಂದೆ ಚಾಚಿದ್ದ. ಮೊದಲು ಕೈ ಹೊಕ್ಕಿತು. ಕೆಳಗಿನ ಗಾಜು ಉದುರಿತು. ಮೇಲಿನ ತುಂಡು ಒಂದು ಕ್ಷಣ ಚೌಕಟ್ಟಿನಲ್ಲೇ ನಿಂತಿತ್ತು... ಆಮೇಲೆ ನೇರ ಕೆಳಗಿಳಿಯಿತು. ಅವನ ಮುಂಗೈಯ ಮೇಲೆ.

ನಾನು ಮುಖ ತಿರುಗಿಸಿದೆ. ಎಡಚನ ಕೈಯಿಂದ ಸಲಾಕೆ ಬಿತ್ತು.

ಓಡಿದವಳು ವಜ್ರ! ಏಪ್ರನ್ ಕಿತ್ತು ಅವನ ತೋಳಿಗೆ ಬಿಗಿದಳು. ಹಲ್ಲಲ್ಲಿ ಗಂಟು ಎಳೆದಳು. ಅವನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಕೈ ಮೇಲೆ ಎತ್ತಿ ಹಿಡೀರಿ! ಒಳಗಿರೋ ಚೂರು ಕೀಳ್ಬೇಡಿ! ಸಾರ್, ವ್ಯಾನ್ ತನ್ನಿ! ಬೇಗ!”

ತನ್ನ ಮನೆ ನುಂಗಲು ಬಂದವನು. ಅತ್ತೆಯ ಕೈ ಮುರಿಸಿದವನು. ಮಾವನನ್ನು ಕೊಂದು ಆ ಪಾಪವನ್ನು ತನ್ನ ತಲೆಗೆ ಕಟ್ಟಲು ಬಂದವನು. ಅವನ ರಕ್ತ ನಿಲ್ಲಿಸಲು ಆ ಹುಡುಗಿ ಒದ್ದಾಡುತ್ತಿದ್ದಳು.

ಸಕ್ಕರೆ ಕಣ್ಣು ಬಿಟ್ಟ. ತುಟಿ ಅಲ್ಲಾಡಿತು. ನಾನು ಬಗ್ಗಿ ಕೇಳಿದೆ.

“ಕಾಗದ...” ಎಂದ. “ಕಾಗದ ಎಲ್ಲಿ?”

ಆಮೇಲಿನದು ನಿನಗೂ ಗೊತ್ತು. ಡಾಕ್ಟರು ಜೀವ ಉಳಿಸಿದರು, ಕೈಯನ್ನೂ ಜೋಡಿಸಿದರು. ಆದರೆ ಬೆರಳುಗಳು ಮಡಚುವುದಿಲ್ಲ. ಎಡಚ ಪೊಲೀಸರ ಮುಂದೆ ಎಲ್ಲ ಬಾಯಿಬಿಟ್ಟ. ಕಂಬದ ಕೇಸು ಬಿಲ್ಡಿಂಗಿನ ಯಜಮಾನನ ಮೇಲೆ ಕೂತಿದೆ. ವಜ್ರಳ ಮನೆ ವಜ್ರಳದೇ.

ಎಲ್ಲ ಸುಖವಾಯಿತು ಎಂದುಕೊಳ್ಳಬೇಡ. ಅತ್ತೆಯ ಸಹಿ ಸಹಿಯೇ. ಸಾವಿನ ಹೊಣೆ ತಪ್ಪಿತು, ಅಗ್ರಿಮೆಂಟು ತಪ್ಪಲಿಲ್ಲ. ಬಾಡಿಗೆ ಬಾಕಿ ಎಂದು ಅವರ ಗಾಜು ಕೊಯ್ಯುವ ಮೇಜನ್ನೂ ಹೊತ್ತೊಯ್ದರು. ಹುಡುಗಿ ಆ ಮೇಜನ್ನು ಬಿಡಿಸಿಕೊಳ್ಳಲು ಹೊರಟಿದ್ದಳು. ಅತ್ತೆ ಬಿಡಲಿಲ್ಲ. “ನನ್ನ ಸಹಿಗೆ ನನ್ನ ಮೇಜು,” ಎಂದರು. ಈಗ ಇಬ್ಬರೂ ಆ ತಗಡಿನ ಶೆಡ್ಡಿನಲ್ಲಿ ಕೂಲಿಗೆ ಹೋಗುತ್ತಾರೆ. ಅತ್ತೆಯ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿದೆ. ಭಾರ ಎತ್ತಲಾಗದು. ಅದಕ್ಕೇ ಸುಣ್ಣದ ಬ್ರಷ್ಷು ಹಿಡಿದು ಪ್ರತಿ ಗಾಜಿಗೂ ಇಂಟು ಮಾರ್ಕು ಹಾಕುತ್ತ ಕೂರುತ್ತಾರೆ. ಲೋಡರನ ಹೆಂಡತಿ ಇನ್ನೂ ಕೋರ್ಟಿನ ಮೆಟ್ಟಿಲು ಹತ್ತಿಳಿಯುತ್ತಿದ್ದಾಳೆ. ಅವಳ ಗಂಡನನ್ನು ಯಾರ ಸಹಿಯೂ ವಾಪಸ್ ತರುವುದಿಲ್ಲ.

ಈಗ ಕೊಡು ನಿನ್ನ ಕಾಗದ.

ಹ್ಞೂಂ... ‘ಅಪ್ಪನಿಗೆ ಆರೋಗ್ಯ ಸರಿಯಿಲ್ಲದ ಕಾರಣ ಬಿಲ್ಡಿಂಗಿನ ಉಸ್ತುವಾರಿ ನನ್ನದೇ ಆಗಿತ್ತು. ಕಂಬ ತೆಗೆಸಿದ್ದು ನಾನು.’ ಚೆನ್ನಾಗಿ ಬರೆಸಿದ್ದಾನೆ ನಿನ್ನಪ್ಪ. ಕಂಬ ಕೊಯ್ದಾಗ ನಿನಗೆ ಎಷ್ಟು? ಹದಿನೇಳು? ಶಾಲೆಯ ಬ್ಯಾಗು ಹೊತ್ತು ಓಡಾಡುತ್ತಿದ್ದೆ ಅಲ್ಲವೇ? ಹುಡುಗ ಚಿಕ್ಕವನು, ಕೋರ್ಟು ಕನಿಕರ ತೋರಿಸುತ್ತದೆ ಎಂದನಾ? ಮತ್ತೆ ಈ ಸಹಿ ಮಾತ್ರ ಇವತ್ತು, ಹದಿನೆಂಟು ತುಂಬಿದ ಮೇಲೆ! ಜೊತೆಗೆ ಸಾಕ್ಷಿಗೆ ನಾನು, ಕಂಬದ ಗುಟ್ಟು ಬಯಲಿಗೆ ತಂದವನೇ ಸಹಿ ಹಾಕಿದರೆ ಕೋರ್ಟು ನಂಬುತ್ತದೆ ಎಂದು.

ನಿನ್ನಪ್ಪನನ್ನು ಸಕ್ಕರೆ ಎಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬಾಗಿಲಲ್ಲಿ ನಿಂತು ನೀನು ಹೇಳಿದ ಮಾತು ಕೇಳಿದ ಮೇಲೆಯೇ ಇಷ್ಟೆಲ್ಲ ಹೇಳಬೇಕೆನ್ನಿಸಿತು. “ಅಪ್ಪನ ಕೈಲಿ ಪೆನ್ನು ಹಿಡಿಯೋಕಾಗಲ್ಲ ಅಂಕಲ್, ಅದಕ್ಕೇ ನನ್ನನ್ನ ಕಳಿಸಿದ್ರು,” ಎಂದೆಯಲ್ಲ?

ಹಾಗೆಂದಾಗ ನಿನ್ನ ಮುಖದ ಮೇಲೆ ವಜ್ರಳ ಮುಖವಿತ್ತು, ತಮ್ಮ.

ನನ್ನ ಸಹಿ ಸಿಗುವುದಿಲ್ಲ. ನಿನ್ನದು ನಿನಗೆ ಬಿಟ್ಟದ್ದು. ನಿನ್ನಪ್ಪನ ಕೈ ಹೋಯಿತು, ನಿನ್ನದು ಇನ್ನೂ ಚೆನ್ನಾಗಿದೆ... ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗು!